ತಂದೆಗೂ ಮಗನಿಗೂ ಒಂದೇ ‘ಊಸಿಯಾ’: 1700 ವರ್ಷ ಹಳೆಯ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಶ್ರೀಮಂಗಲ: ಪೊನ್ನಂಪೇಟೆಯಿಂದ ಹುದಿಕೇರಿ ಮಾರ್ಗವಾಗಿ ಬರುವ ರಸ್ತೆ ಶ್ರೀಮಂಗಲವನ್ನು ಹಾದು ಕುಟ್ಟದತ್ತ ಸಾಗುತ್ತದೆ. ಕುಟ್ಟ ದಾಟಿದರೆ ಕೇರಳದ ವಯನಾಡು. ಕಾಫಿ ತೋಟಗಳ ನಡುವಿನ ಈ ಗಡಿ ಸೀಮೆಯಲ್ಲಿ ಕೊಡವ, ಕನ್ನಡ, ಮಲಯಾಳ ಮೂರೂ ಕಿವಿಗೆ ಬೀಳುತ್ತವೆ. ಕ್ರೈಸ್ತರಲ್ಲಿಯೂ ಇಲ್ಲಿ ಒಂದೇ ಬಗೆಯವರಿಲ್ಲ. ವಿರಾಜಪೇಟೆಯ ಕಡೆಗೆ ಹೋದರೆ ಲ್ಯಾಟಿನ್ ವಿಧಿಯ ಕಥೋಲಿಕರ ಹಳೆಯ ನೆಲೆ. ಮಾನಂದವಾಡಿಯ ಕಡೆಗೆ ಇಳಿದರೆ ಮಲಯಾಳದಲ್ಲಿ ಕುರ್ಬಾನ ಅರ್ಪಿಸುವ ಸಿರೋ-ಮಲಬಾರ್ ಕಥೋಲಿಕರು, ಆರ್ಥೊಡಾಕ್ಸ್ ಮತ್ತು ಯಾಕೋಬಾಯ ಸಿರಿಯನ್ನರು. ಇವರ ವಿಧಿ ಬೇರೆ, ಭಾಷೆ ಬೇರೆ, ಬಿಷಪರು ಬೇರೆ. ಕೆಲವರ ನಡುವಿನ ಒಡಕಿಗೆ ಸಾವಿರದ ಐನೂರು ವರ್ಷಗಳ ವಯಸ್ಸಾಗಿದೆ.

ಆದರೂ ಪೂಜೆಯ ಮಧ್ಯೆ ಇವರೆಲ್ಲರೂ ಎದ್ದು ನಿಂತು ಹೇಳುವ ವಿಶ್ವಾಸ ಪ್ರಮಾಣವು ಮೂಲದಲ್ಲಿ ಒಂದೇ. ಅದಕ್ಕೆ ನೈಸೀಯ ವಿಶ್ವಾಸ ಪ್ರಮಾಣವೆಂದು ಹೆಸರು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಕೂಡ ಅದನ್ನು ತನ್ನ ಸಂವಿಧಾನದಲ್ಲಿ ಅಂಗೀಕರಿಸಿದೆ. ಆ ಪ್ರಮಾಣದ ನಡುವೆ ಒಂದು ಪದವಿದೆ. ಗ್ರೀಕ್ ಭಾಷೆಯಲ್ಲಿ ಅದು ‘ಹೋಮೋಊಸಿಯೋಸ್’. ‘ಹೋಮೋ’ ಎಂದರೆ ಅದೇ; ‘ಊಸಿಯಾ’ ಎಂದರೆ ಇರವು, ಒಂದು ವಸ್ತು ಏನಾಗಿದೆಯೋ ಅದು. ಯೇಸು ಕ್ರಿಸ್ತನು ತಂದೆಯಾದ ದೇವರು ಏನಾಗಿದ್ದಾನೋ ಅದೇ ಆಗಿದ್ದಾನೆ ಎಂಬುದು ಪದದ ತಾತ್ಪರ್ಯ. ಕ್ರಿ.ಶ. 325ರಲ್ಲಿ ಇಂದಿನ ಟರ್ಕಿಯ ಇಜ್ನಿಕ್ ಪಟ್ಟಣದಲ್ಲಿ, ಅಂದಿನ ನೈಸೀಯದಲ್ಲಿ ನಡೆದ ಬಿಷಪರ ಮಹಾಸಭೆಯು ಈ ಪದವನ್ನು ಪ್ರಮಾಣದೊಳಕ್ಕೆ ಸೇರಿಸಿತು. ಸಭೆಯ 1700ನೇ ವರ್ಷದ ನಿಮಿತ್ತ 2025ರ ನವೆಂಬರ್ 28ರಂದು ಪೋಪ್ 14ನೇ ಲಿಯೋ ಹಾಗೂ ಕಾನ್‌ಸ್ಟಾಂಟಿನೋಪಲ್‌ನ ಪಿತೃಪ್ರಧಾನ ಬಾರ್ತಲೋಮಿಯೊ ಅದೇ ಇಜ್ನಿಕ್‌ನಲ್ಲಿ ಒಟ್ಟಿಗೆ ಪ್ರಾರ್ಥಿಸಿದರು.

ಸುದ್ದಿಯೇನೋ ಎಲ್ಲೆಡೆ ಬಂತು. ಆದರೆ ಆ ಪದಕ್ಕಾಗಿ ಅಷ್ಟೊಂದು ಜಗಳ ಏಕಾಯಿತು, ಅದನ್ನು ನಮ್ಮ ಭಾಷೆಯಲ್ಲಿ ಹೇಳಲು ಹೊರಟರೆ ಏನಾಗುತ್ತದೆ ಎಂಬುದು ಸುದ್ದಿಯಲ್ಲಿ ಬರಲಿಲ್ಲ.

ಅಲೆಕ್ಸಾಂಡ್ರಿಯಾದ ಪ್ರಶ್ನೆ

ಜಗಳ ಆರಂಭವಾದದ್ದು ಈಜಿಪ್ಟಿನ ಬಂದರು ನಗರ ಅಲೆಕ್ಸಾಂಡ್ರಿಯಾದಲ್ಲಿ. ಅಲ್ಲಿ ಆರಿಯಸ್ ಎಂಬ ಪಾದ್ರಿಯಿದ್ದನು. ದೇವರು ಒಬ್ಬನೇ, ಅವನಿಗೆ ಹುಟ್ಟಿಲ್ಲ ಎಂಬುದರಲ್ಲಿ ಅವನಿಗೆ ರಾಜಿಯಿರಲಿಲ್ಲ. ಮಗ ಎಂದರೆ ಹುಟ್ಟಿದವನು. ಹುಟ್ಟಿದವನೆಂದ ಮೇಲೆ ಅವನಿಗೊಂದು ಆರಂಭವಿರಬೇಕು. ಆದ್ದರಿಂದ ಮಗನು ಇಲ್ಲದಿದ್ದ ಒಂದು ಸ್ಥಿತಿ ಇತ್ತು. ದೇವರು ಅವನನ್ನು ಶೂನ್ಯದಿಂದ ಸೃಷ್ಟಿಸಿದನು. ಬೇರೆಲ್ಲ ಸೃಷ್ಟಿಗಿಂತ ಅವನು ಎಷ್ಟೇ ಮೇಲಿನವನಾದರೂ ಸೃಷ್ಟಿಯ ಸಾಲಿನಲ್ಲಿಯೇ ನಿಲ್ಲುತ್ತಾನೆ. ಇದು ಆರಿಯಸ್‌ನ ವಾದ. ವಾದ ಕುತರ್ಕವೇನೂ ಅಲ್ಲ. ಮನೆಯಲ್ಲಿ ಅಪ್ಪ ಮಗನಿಗಿಂತ ಹಿರಿಯನಾಗಿರಲೇಬೇಕಲ್ಲವೇ ಎಂದು ಯಾರಾದರೂ ಕೇಳಿಯಾರು. ಆರಿಯಸ್ ಅದನ್ನು ಪದ್ಯಗಳಲ್ಲಿಯೂ ಬರೆದನು.

ಬಿಷಪ್ ಅಲೆಕ್ಸಾಂಡರ್ ಮತ್ತು ಅವನ ಕಿರಿಯ ಸಹಾಯಕ ಅಥನಾಸಿಯಸ್ ಇದನ್ನು ಒಪ್ಪಲಿಲ್ಲ. ಅವರ ಆತಂಕ ತರ್ಕದ್ದಷ್ಟೇ ಆಗಿರಲಿಲ್ಲ. ಜನರು ಕ್ರಿಸ್ತನಿಗೆ ಪ್ರಾರ್ಥನೆ ಸಲ್ಲಿಸುತ್ತಿದ್ದರು, ಅವನ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆಯುತ್ತಿದ್ದರು. ಅವನು ಸೃಷ್ಟಿಯಾದವನಾದರೆ ಸೃಷ್ಟಿಗೆ ಪೂಜೆ ಸಲ್ಲಿಸಿದಂತಾಯಿತು. ಮುಳುಗುತ್ತಿರುವವನನ್ನು ಇನ್ನೊಬ್ಬ ಮುಳುಗುವವನು ಎತ್ತಲಾರ. ಸೃಷ್ಟಿಯನ್ನು ಉದ್ಧರಿಸಲು ಸೃಷ್ಟಿಕರ್ತನೇ ಬರಬೇಕು. ಬಂದವನು ದೇವರೇ ಆಗಿರಲಿಲ್ಲವೆಂದರೆ ದೇವರು ಇನ್ನೂ ಬಂದಿಲ್ಲ ಎಂದಾಯಿತು. ಮುಂದೆ ಅಥನಾಸಿಯಸ್ ಐದು ದಶಕಗಳ ಕಾಲ ಮತ್ತೆ ಮತ್ತೆ ಹೇಳಿದ್ದರ ತಿರುಳು ಇದು.

ಸಾಮ್ರಾಟ ಕಾನ್‌ಸ್ಟಂಟೈನ್‌ಗೆ ಈ ಸೂಕ್ಷ್ಮಗಳಲ್ಲಿ ಹೆಚ್ಚಿನ ಆಸಕ್ತಿ ಇದ್ದಂತೆ ಕಾಣುವುದಿಲ್ಲ. ಆಗಷ್ಟೇ ಒಂದುಗೂಡಿಸಿದ ಸಾಮ್ರಾಜ್ಯವು ಈ ಜಗಳದಿಂದ ಸೀಳಬಾರದೆಂಬುದು ಅವನ ಕಾಳಜಿ. ಬಿಷಪರನ್ನು ನೈಸೀಯಕ್ಕೆ ಕರೆಸಿದನು. ಬಂದವರು 318 ಮಂದಿ ಎಂಬುದು ಸಂಪ್ರದಾಯ. ಬೈಬಲಿನಲ್ಲಿ ಅಬ್ರಹಾಮನು ಯುದ್ಧಕ್ಕೆ ಕರೆದೊಯ್ದ ಸೇವಕರ ಸಂಖ್ಯೆಯೂ ಅಷ್ಟೇ ಆಗಿರುವುದರಿಂದ ಇತಿಹಾಸಕಾರರು ಇದನ್ನು ಅನುಮಾನದಿಂದ ನೋಡುತ್ತಾರೆ. ಸುಮಾರು 220ರಿಂದ 300ರ ಒಳಗಿನ ಅಂದಾಜುಗಳೇ ಹೆಚ್ಚು.

ಬೈಬಲಿನಲ್ಲಿಲ್ಲದ ಪದ

ವಿಚಿತ್ರವೆಂದರೆ ಸಭೆ ಆರಿಸಿದ ಪದವು ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಅದಕ್ಕೆ ಒಳ್ಳೆಯ ಹೆಸರೂ ಇರಲಿಲ್ಲ. ಹಿಂದೆ ಜ್ಞಾನವಾದಿ ಪಂಥಗಳು ಅದನ್ನು ಬಳಸಿದ್ದವು. ಸಮೊಸಾಟದ ಪೌಲನೆಂಬ ಬಿಷಪ್ ಅದನ್ನು ಬಳಸಿದ ರೀತಿಯನ್ನು 268ರಲ್ಲಿ ಅಂತಿಯೋಕ್ಯದ ಸಭೆಯು ತಿರಸ್ಕರಿಸಿತ್ತು. ಸ್ವತಃ ಆರಿಯಸ್ ತನ್ನ ಬಿಷಪನಿಗೆ ಬರೆದ ಪತ್ರದಲ್ಲಿ ಇದು ಮಾನಿಯ ಪಂಥದವರ ಮಾತು ಎಂದು ದೂರಿದ್ದನು. ಮಗನು ತಂದೆಯಿಂದ ಕಿತ್ತು ಬಂದ ಒಂದು ತುಂಡು ಎಂಬ ಅರ್ಥ ಬರುತ್ತದೆಂಬುದು ಅವನ ಆಕ್ಷೇಪ.

ಹಾಗಿದ್ದೂ ಅದನ್ನೇ ಏಕೆ ಆರಿಸಿದರು? ಅಥನಾಸಿಯಸ್ ಕೊಡುವ ವಿವರ ಸ್ವಾರಸ್ಯಕರವಾಗಿದೆ. ಮೊದಲು ಬೈಬಲಿನ ಮಾತುಗಳಿಂದಲೇ ಪ್ರಮಾಣ ರಚಿಸುವ ಯತ್ನ ನಡೆಯಿತಂತೆ. ಮಗನು ದೇವರಿಂದ ಬಂದವನು ಎಂದರೆ ಆರಿಯಸ್‌ನ ಕಡೆಯವರು ಒಪ್ಪಿದರು. ಎಲ್ಲವೂ ದೇವರಿಂದಲೇ ಬಂದದ್ದಲ್ಲವೇ! ಮಗನು ದೇವರ ಪ್ರತಿರೂಪ ಎಂದರೂ ಒಪ್ಪಿದರು. ಮನುಷ್ಯನನ್ನೂ ಹಾಗೆಯೇ ಕರೆದಿದೆ. ಒಂದೊಂದು ಮಾತಿಗೂ ಅವರು ಒಬ್ಬರಿಗೊಬ್ಬರು ಕಣ್ಸನ್ನೆ ಮಾಡಿಕೊಂಡರೆಂದು ಅಥನಾಸಿಯಸ್ ಬರೆಯುತ್ತಾನೆ. ಎದುರಾಳಿ ಬರೆದ ವರದಿಯಾದ್ದರಿಂದ ಕಣ್ಸನ್ನೆಯ ಮಾತನ್ನು ಸ್ವಲ್ಪ ಸೋಸಿಯೇ ಓದಬೇಕು. ಆದರೆ ಅದರ ಹಿಂದಿನ ಕಾರಣ ನಿಜವಾದದ್ದು. ಆರಿಯಸ್‌ನ ಕಡೆಯವರು ತಮ್ಮ ಅರ್ಥಕ್ಕೆ ತಿರುಗಿಸಲಾಗದ ಒಂದು ಪದ ಬೇಕಾಗಿತ್ತು. ಅವರೇ ಬೇಡವೆಂದು ಬರೆದುಕೊಟ್ಟಿದ್ದ ಪದ ಕೈಗೆ ಸಿಕ್ಕಿತು.

ಅಂದರೆ ‘ಹೋಮೋಊಸಿಯೋಸ್’ ಆ ದಿನ ಒಂದು ವ್ಯಾಖ್ಯೆಯಾಗಿರಲಿಲ್ಲ, ಬೇಲಿಯಾಗಿತ್ತು. ಬೇಲಿಯ ಆಚೆ ಯಾರಿದ್ದಾರೆಂಬುದು ಸ್ಪಷ್ಟವಾಗಿತ್ತು. ಒಳಗಿರುವವರೆಲ್ಲ ಒಂದೇ ಅರ್ಥದಲ್ಲಿ ಅದನ್ನು ಹೇಳುತ್ತಿದ್ದಾರೆಯೇ ಎಂಬುದು ಸ್ಪಷ್ಟವಾಗಿರಲಿಲ್ಲ. ಸಹಿ ಹಾಕಿದ ಸಿಸೇರಿಯಾದ ಯುಸೇಬಿಯಸ್ ತನ್ನ ಊರಿನ ಸಭೆಗೆ ಪತ್ರ ಬರೆದು, ಈ ಪದದಿಂದ ಗಾಬರಿಯಾಗಬೇಡಿ, ದೇವರು ತುಂಡಾದನೆಂದು ಇದರ ಅರ್ಥವಲ್ಲ ಎಂದು ಸಮಜಾಯಿಷಿ ಕೊಡಬೇಕಾಯಿತು.

ಸಹಿ ಹಾಕದ ಇಬ್ಬರು ಬಿಷಪರೊಂದಿಗೆ ಆರಿಯಸ್ ಗಡಿಪಾರಾದನು. ಆದರೆ ಜಗಳ ಮುಗಿಯಲಿಲ್ಲ. ಕಾನ್‌ಸ್ಟಂಟೈನ್ ಸ್ವತಃ ಮನಸ್ಸು ಬದಲಿಸಿದನು. 337ರಲ್ಲಿ ಮರಣಶಯ್ಯೆಯಲ್ಲಿ ಅವನಿಗೆ ದೀಕ್ಷಾಸ್ನಾನ ಕೊಟ್ಟದ್ದು ಆರಿಯಸ್‌ನ ಪಕ್ಷಪಾತಿಯಾಗಿದ್ದ ನಿಕೊಮೀಡಿಯಾದ ಯುಸೇಬಿಯಸ್. ಅಥನಾಸಿಯಸ್ ಅಲೆಕ್ಸಾಂಡ್ರಿಯಾದ ಬಿಷಪನಾಗಿ ಐದು ಬಾರಿ ಗಡಿಪಾರಾಗಿ ಒಟ್ಟು ಸುಮಾರು 17 ವರ್ಷ ಊರ ಹೊರಗೆ ಕಳೆದನು. ‘ಅದೇ ಊಸಿಯಾ’ ಬೇಡ, ‘ಹೋಮೊಯಿಊಸಿಯೋಸ್’, ಅಂದರೆ ‘ಅಂತಹುದೇ ಊಸಿಯಾ’ ಎನ್ನೋಣ ಎಂಬ ಮಧ್ಯಮ ಪಕ್ಷವೂ ಹುಟ್ಟಿತು. ಗ್ರೀಕ್ ಬರಹದಲ್ಲಿ ಎರಡಕ್ಕೂ ‘ಅಯೋಟ’ ಎಂಬ ಒಂದೇ ಅಕ್ಷರದ ವ್ಯತ್ಯಾಸ. ಒಂದು ಅಕ್ಷರಕ್ಕೆ ಜಗತ್ತೇ ಹೊಡೆದಾಡಿತೆಂದು ಮುಂದಿನವರು ನಕ್ಕರು. ಆದರೆ ಕನ್ನಡದಲ್ಲಿ ‘ಅದು ಚಿನ್ನ’ ಎನ್ನುವುದಕ್ಕೂ ‘ಅದು ಚಿನ್ನದಂತಿದೆ’ ಎನ್ನುವುದಕ್ಕೂ ಇರುವ ಅಂತರ ಅಕ್ಷರಗಳ ಲೆಕ್ಕದ್ದಲ್ಲ. ಅಕ್ಕಸಾಲಿಗರ ಅಂಗಡಿಗೆ ಹೋದವರಿಗೆ ಅದು ಗೊತ್ತು.

ಒಕ್ಕದ ಉಪಮೆ, ಹೊಳೆಯ ಉಪಮೆ

ಹಾಗಾದರೆ ಒಂದೇ ಊಸಿಯಾ ಎಂದರೇನು? ಶ್ರೀಮಂಗಲದ ಸುತ್ತಮುತ್ತಲಿನ ಒಂದು ಉದಾಹರಣೆಯಿಂದ ನೋಡಬಹುದು. ಕೊಡವರಲ್ಲಿ ಒಕ್ಕವೆಂದರೆ ಒಬ್ಬ ಮೂಲಪುರುಷನಿಂದ ಬಂದ ವಂಶ. ಅದಕ್ಕೊಂದು ಐನ್‌ಮನೆ, ಒಂದು ಮನೆಹೆಸರು. ಒಂದೇ ಒಕ್ಕದ ತಂದೆ ಮಗ ಇಬ್ಬರಲ್ಲಿ ತಂದೆ ಹೆಚ್ಚು ಒಕ್ಕದವನು, ಮಗ ಕಡಿಮೆ ಒಕ್ಕದವನು ಎಂಬುದಿಲ್ಲ. ಒಕ್ಕವನ್ನು ಪಾಲು ಮಾಡಿ ಇಬ್ಬರಿಗೂ ಅರ್ಧರ್ಧ ಕೊಟ್ಟದ್ದೂ ಅಲ್ಲ. ಇಬ್ಬರೂ ಪೂರ್ಣವಾಗಿ ಆ ಒಕ್ಕದವರೇ.

ಇಲ್ಲಿಯವರೆಗೆ ಉಪಮೆ ಹೊಂದುತ್ತದೆ. ಆದರೆ ತಂದೆ ಮಗ ಇಬ್ಬರು ಮನುಷ್ಯರು. ಹಾಗೆಯೇ ತಂದೆ ದೇವರು, ಮಗ ದೇವರು, ಪವಿತ್ರಾತ್ಮ ದೇವರು ಎಂದಾದರೆ ಮೂವರು ದೇವರುಗಳಾಗಲಿಲ್ಲವೇ? ಈ ಪ್ರಶ್ನೆಯನ್ನು ನಾಲ್ಕನೆಯ ಶತಮಾನದಲ್ಲಿಯೇ ಎತ್ತಲಾಗಿತ್ತು. ಉತ್ತರ ಹುಡುಕಿದವರಲ್ಲಿ ಮುಖ್ಯರು ಕಪ್ಪದೋಕ್ಯದ ಮೂವರು: ಬೆಸಿಲ್, ಅವನ ತಮ್ಮ ನಿಸ್ಸಾದ ಗ್ರೆಗರಿ, ಗೆಳೆಯ ನಾಜಿಯಾಂಜಸ್‌ನ ಗ್ರೆಗರಿ. ನೈಸೀಯದ ಕಾಲದಲ್ಲಿ ‘ಊಸಿಯಾ’ ಮತ್ತು ‘ಹಿಪೋಸ್ಟಾಸಿಸ್’ ಎಂಬ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುತ್ತಿದ್ದರು. ಇವರು ಅವನ್ನು ಬೇರ್ಪಡಿಸಿದರು. ದೇವರು ಏನು ಎಂಬ ಪ್ರಶ್ನೆಗೆ ಉತ್ತರ ಊಸಿಯಾ, ಅದು ಒಂದು. ಯಾರು ಎಂಬ ಪ್ರಶ್ನೆಗೆ ಉತ್ತರ ಹಿಪೋಸ್ಟಾಸಿಸ್, ಅವು ಮೂರು. ಮೂವರು ಮನುಷ್ಯರು ಮೂರು ಕಡೆ ಮೂರು ಕೆಲಸ ಮಾಡುತ್ತಾರೆ. ದೇವರಲ್ಲಿ ಹಾಗಿಲ್ಲ, ತಂದೆಯಿಂದ ಹೊರಟು ಮಗನ ಮೂಲಕ ಆತ್ಮದಲ್ಲಿ ಪೂರ್ಣಗೊಳ್ಳುವ ಕ್ರಿಯೆ ಒಂದೇ, ಆದ್ದರಿಂದ ದೇವರುಗಳು ಎಂಬ ಬಹುವಚನ ಸಲ್ಲದು ಎಂದು ನಿಸ್ಸಾದ ಗ್ರೆಗರಿ ವಾದಿಸಿದನು. ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ರೊಟ್ಟಿಯ ಬೆಲೆ ಕೇಳಿದರೂ ತಂದೆ-ಮಗನ ತತ್ತ್ವವೇ ಉತ್ತರವಾಗಿ ಬರುತ್ತದೆಂದು ಬೇಸರಪಟ್ಟುಕೊಂಡವನೂ ಇವನೇ.

ಇನ್ನು ಆರಿಯಸ್‌ನ ಮುಖ್ಯ ಪ್ರಶ್ನೆ: ಹುಟ್ಟಿದವನಿಗೆ ಆರಂಭವಿಲ್ಲವೇ? ಇದಕ್ಕೆ ಅಥನಾಸಿಯಸ್ ಬಳಸಿದ ಉಪಮೆಗಳು ಬೆಳಕು ಮತ್ತು ಅದರ ಪ್ರಭೆ, ಬುಗ್ಗೆ ಮತ್ತು ಅದರ ಹೊಳೆ. ಶ್ರೀಮಂಗಲದ ಹತ್ತಿರ ಇರ್ಪುವಿನಲ್ಲಿ ಬ್ರಹ್ಮಗಿರಿಯಿಂದ ಧುಮುಕುವ ಲಕ್ಷ್ಮಣತೀರ್ಥವನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಬುಗ್ಗೆ ಮೊದಲು ಬಹಳ ಕಾಲ ಒಂಟಿಯಾಗಿದ್ದು ಆಮೇಲೊಂದು ದಿನ ಹೊಳೆಯನ್ನು ತಯಾರಿಸಿತು ಎನ್ನುವಂತಿಲ್ಲ. ಬುಗ್ಗೆ ಇದೆಯೆಂದರೆ ಹರಿವೂ ಇದೆ. ಹೊಳೆ ಬರುವುದು ಬುಗ್ಗೆಯಿಂದಲೇ, ಬುಗ್ಗೆ ಹೊಳೆಯಿಂದ ಬಂದದ್ದಲ್ಲ; ಆದರೂ ನೀರು ಒಂದೇ. ತಂದೆಯಿಂದ ಮಗನು ‘ಜನಿಸಿದನು’ ಎಂಬುದು ಕಾಲದಲ್ಲಿ ನಡೆದ ಘಟನೆಯಲ್ಲ, ಕಾಲಾತೀತವಾದ ಸಂಬಂಧ ಎಂಬುದನ್ನು ಈ ಉಪಮೆ ಹೇಳುತ್ತದೆ. ಉಪಮೆಗೂ ಮಿತಿಯಿದೆ. ಲಕ್ಷ್ಮಣತೀರ್ಥಕ್ಕೆ ದಾರಿಯುದ್ದಕ್ಕೂ ಬೇರೆ ತೊರೆಗಳ ನೀರು ಸೇರಿ, ಕಾವೇರಿಯನ್ನು ಮುಟ್ಟುವ ಹೊತ್ತಿಗೆ ಅದು ಬುಗ್ಗೆಯ ನೀರಷ್ಟೇ ಆಗಿ ಉಳಿದಿರುವುದಿಲ್ಲ.

ಕರ್ನಾಟಕದ ಓದುಗರಿಗೆ ಇಲ್ಲಿ ಎರಡು ಪರಿಚಿತ ಕಲ್ಪನೆಗಳು ನೆನಪಾಗುವುದು ಸಹಜ. ಒಂದು, ಅದ್ವೈತ. ಆದರೆ ಅದ್ವೈತದಲ್ಲಿ ಜೀವ-ಬ್ರಹ್ಮರ ಭೇದವು ಪರಮಾರ್ಥದಲ್ಲಿ ಉಳಿಯುವುದಿಲ್ಲ. ನೈಸೀಯದ ಮಾತಿನಲ್ಲಿ ತಂದೆ ಮಗನಲ್ಲ, ಮಗ ತಂದೆಯಲ್ಲ, ಆ ಭೇದ ಶಾಶ್ವತ. ಅಲ್ಲದೆ ಈ ಏಕತೆ ತಂದೆ, ಮಗ, ಆತ್ಮರದ್ದೇ ಹೊರತು ಎಲ್ಲ ಜೀವರದ್ದಲ್ಲ. ಇನ್ನೊಂದು, ಅಂಶಾವತಾರ. ದೇವರ ಒಂದು ಅಂಶ ಇಳಿದು ಬಂತೆಂಬ ಮಾತು ನಮಗೆ ಸಲೀಸು. ನೈಸೀಯವು ನಿರಾಕರಿಸುವುದು ಅದನ್ನೇ. ಅಂಶವಲ್ಲ, ಪೂರ್ಣ. ಸೃಷ್ಟಿಗೂ ಸೃಷ್ಟಿಕರ್ತನಿಗೂ ನಡುವೆ ಅದು ಎಳೆಯುವ ಗೆರೆಯನ್ನು ನೋಡಿದರೆ, ಈ ಒಂದು ವಿಷಯದಲ್ಲಿ ಮಾತ್ರ, ಅದು ಉಡುಪಿಯ ಮಧ್ವರ ಸ್ವತಂತ್ರ-ಪರತಂತ್ರ ವಿಂಗಡಣೆಗೆ ಹತ್ತಿರವೆನಿಸುತ್ತದೆ. ಎರಡೇ ಸಾಲುಗಳಿವೆ, ಮಧ್ಯದಲ್ಲಿ ಅರೆದೇವರಿಗೆ ಸ್ಥಳವಿಲ್ಲ. ಆರಿಯಸ್ ಮಗನನ್ನು ಒಂದು ಸಾಲಿನಲ್ಲಿ ನಿಲ್ಲಿಸಿದನು, ನೈಸೀಯ ಇನ್ನೊಂದರಲ್ಲಿ.

ಕನ್ನಡದ ಪದಗಳು

ಈಗ ನಮ್ಮ ತೊಡಕಿಗೆ ಬರೋಣ. ಕೊಡಗಿನ ಕಥೋಲಿಕರ ಇತಿಹಾಸದಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯಕ್ಕೆ ವಿಶೇಷ ಸ್ಥಾನವಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಸೇನೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿತು. ಅವರಲ್ಲಿ ತಪ್ಪಿಸಿಕೊಂಡು ಬಂದ ಕೆಲವರಿಗೆ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟನು. ಅವರಿಗಾಗಿ 1792ರಲ್ಲಿ ಈ ದೇವಾಲಯ ಸ್ಥಾಪನೆಯಾಯಿತು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ ಅಥವಾ ಕೊಡವ, ದೇವಾಲಯದಲ್ಲಿ ಲ್ಯಾಟಿನ್. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕವೇ ಬಲಿಪೂಜೆ ಜನಭಾಷೆಗೆ ಬಂದದ್ದು. ಅಲ್ಲಿಯವರೆಗೆ ‘ಕನ್‌ಸಬ್‌ಸ್ಟಾನ್ಷಿಯಾಲಿಸ್’ ಎಂಬ ಲ್ಯಾಟಿನ್ ಪದ ಕಿವಿಗೆ ಬೀಳುತ್ತಿತ್ತು. ಅರ್ಥ ಪಾದ್ರಿಗಳಿಗೆ ಬಿಟ್ಟದ್ದಾಗಿತ್ತು. ಪ್ರಾಟೆಸ್ಟಂಟರಲ್ಲಿ ಪೂಜಾಭಾಷೆ ಮೊದಲಿನಿಂದಲೂ ಜನಭಾಷೆಯೇ. 19ನೆಯ ಶತಮಾನದಲ್ಲಿ ಕೊಡಗಿನಲ್ಲಿ ಕೆಲಸ ಮಾಡಿದ ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್, ಫರ್ಡಿನಂಡ್ ಕಿಟ್ಟೆಲ್ ಇಬ್ಬರೂ ಕನ್ನಡದ ಪದಗಳ ಹಿಂದೆ ಬಿದ್ದವರೇ. ಕಿಟ್ಟೆಲರ ನಿಘಂಟು 1894ರಲ್ಲಿ ಪ್ರಕಟವಾಯಿತು.

ಊಸಿಯಾಕ್ಕೆ ಸಂವಾದಿಯಾಗಬಲ್ಲ ಪದಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ತೊಂದರೆಯೆಂದರೆ ಪ್ರತಿಯೊಂದಕ್ಕೂ ಆಗಲೇ ಬೇರೊಂದು ಉದ್ಯೋಗವಿದೆ. ‘ದ್ರವ್ಯ’ ನ್ಯಾಯ-ವೈಶೇಷಿಕರ ಪರಿಭಾಷೆಯಲ್ಲಿ ಲ್ಯಾಟಿನ್ ಪದಕ್ಕೆ ತೀರ ಹತ್ತಿರ. ಆದರೆ ಕನ್ನಡಿಗರಿಗೆ ದ್ರವ್ಯವೆಂದರೆ ಹಣ, ಇಲ್ಲವೇ ಪೂಜೆಯ ಸಾಮಗ್ರಿ. ‘ಸತ್ತ್ವ’ವೆಂದರೆ ಆಹಾರದ ಪುಷ್ಟಿ, ಅಥವಾ ಮೂರು ಗುಣಗಳಲ್ಲೊಂದು. ‘ತತ್ತ್ವ’ ಈಗ ಸಿದ್ಧಾಂತವಾಗಿದೆ. ‘ಸಾರ’ ಹಿಂಡಿ ತೆಗೆದದ್ದು, ಹಿಂಡಿದ ಮೇಲೆ ಉಳಿಯುವ ಚರಟವನ್ನೂ ಜೊತೆಗೇ ನೆನಪಿಸುತ್ತದೆ. ‘ಸ್ವರೂಪ’ ವೇದಾಂತದಲ್ಲಿ ಗಟ್ಟಿ ಪದ. ಆದರೆ ಪತ್ರಿಕೆಯವರು ಯೋಜನೆಯ ಸ್ವರೂಪ, ಹೋರಾಟದ ಸ್ವರೂಪ ಎಂದು ಬರೆದು ಬರೆದು ಅದನ್ನು ಹೊರ ಆಕಾರದ ಮಾತಾಗಿಸಿದ್ದೇವೆ. ತಪ್ಪು ನಮ್ಮದೂ ಹೌದು.

ಗಡಿಯಾಚೆಯ ಮಲಯಾಳವನ್ನು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಿರೋ-ಮಲಬಾರ್ ಕುರ್ಬಾನದಲ್ಲಿ ಮಗನು ತಂದೆಯೊಡನೆ ‘ಏಕಸತ್ತ’. ಆರ್ಥೊಡಾಕ್ಸರ ಪಾಠದಲ್ಲಿ ‘ಸಾರಾಂಶ’ದಲ್ಲಿ ತಂದೆಯೊಡನೆ ‘ಸಮತ್ವ’ ಉಳ್ಳವನು. ಎರಡರ ಹಿಂದೆಯೂ ಸಿರಿಯಾಕ್ ಪರಂಪರೆಯಿದೆ. ಪಶ್ಚಿಮ ಸಿರಿಯಾಕ್ ಪಾಠವು ಊಸಿಯಾದಲ್ಲಿ ತಂದೆಗೆ ಸಮನಾದವನು ಎನ್ನುತ್ತದೆ. ಪೂರ್ವ ಸಿರಿಯಾಕ್ ‘ಬರ್ ಕ್ಯಾನಾ’ ಎನ್ನುತ್ತದೆ, ಅಂದರೆ ಅದೇ ಪ್ರಕೃತಿಯ ಮಗ. ‘ಏಕ’ ಎಂದವರು ಒಂದೇ ಇರವನ್ನು ಒತ್ತಿ ಹೇಳಿದರು. ‘ಸಮ’ ಎಂದವರು ಮಗನು ಒಂದಿಷ್ಟೂ ಕಡಿಮೆಯಿಲ್ಲ ಎಂಬುದನ್ನು ಒತ್ತಿ ಹೇಳಿದರು. ಗ್ರೀಕಿನ ‘ಹೋಮೋ’ ಎರಡಕ್ಕೂ ಎಡೆಕೊಡುತ್ತದೆ. 325ರಲ್ಲಿ ಬೇಲಿಯ ಒಳಗೆ ಇತ್ಯರ್ಥವಾಗದೆ ಉಳಿದಿದ್ದ ಛಾಯೆಗಳು ವಯನಾಡಿನ ಎರಡು ಇಗರ್ಜಿಗಳಲ್ಲಿ ಇಂದಿಗೂ ಬೇರೆ ಬೇರೆಯಾಗಿ ಕೇಳಿಸುತ್ತವೆ. ಕನ್ನಡವು ಮಲಯಾಳದ ‘ಸತ್ತ’ವನ್ನು ಎರವಲು ಪಡೆಯುವಂತೆಯೂ ಇಲ್ಲ. ಸಂಸ್ಕೃತದ ‘ಸತ್ತಾ’ ಇರವಿನ ಪದವೇ ಆದರೂ ಕನ್ನಡದ ಕಿವಿಗೆ ಅದು ಸಾವಿನ ಪದ.

ಹೀಗೆ ಒಂದೊಂದನ್ನೇ ಬಿಡುತ್ತ ಬಂದರೆ ಜನರಿಗೆ ಕೂಡಲೇ ಅರ್ಥವಾಗುವುದು ‘ಸ್ವಭಾವ’: ತಂದೆಯೊಡನೆ ಒಂದೇ ಸ್ವಭಾವದವನು. ಬೇವಿನ ಸ್ವಭಾವ ಕಹಿ, ಬೆಂಕಿಯ ಸ್ವಭಾವ ಸುಡುವುದು ಎಂಬ ಅರ್ಥದಲ್ಲಿ ಇದು ಒಳ್ಳೆಯ ಪದ. ಅಪ್ಪನ ಸ್ವಭಾವವೇ ಮಗನಿಗೂ ಬಂದಿದೆ ಎಂಬ ದಿನನಿತ್ಯದ ಅರ್ಥದಲ್ಲಿ ಕೇಳಿಸಿಕೊಂಡರೆ ಮಾತ್ರ ಅದು ಗುಣಸಾಮ್ಯವಾಗಿ, ‘ಅಂತಹುದೇ’ ಎಂಬ ಪಕ್ಷಕ್ಕೆ ಜಾರುತ್ತದೆ. ಅಯೋಟ ಬಾಗಿಲ ಬಳಿಯೇ ಕಾದಿರುತ್ತದೆ.

‘ಸ್ವಭಾವ’ಕ್ಕೆ ಇನ್ನೊಂದು ತೊಡಕೂ ಇದೆ. ಇಂದು ಬಳಕೆಯಲ್ಲಿರುವ ಪ್ರಮಾಣದ ರೂಪ 381ರ ಕಾನ್‌ಸ್ಟಾಂಟಿನೋಪಲ್ ಸಭೆಗೆ ಸಂಬಂಧಿಸಿದ್ದು. ಅದರ ನಂತರ 451ರ ಕ್ಯಾಲ್ಸಿಡಾನ್ ಸಭೆಯು ‘ಹೋಮೋಊಸಿಯೋಸ್’ ಪದವನ್ನು ಎರಡು ಬಾರಿ ಬಳಸಿತು. ಕ್ರಿಸ್ತನು ದೈವತ್ವದಲ್ಲಿ ತಂದೆಯೊಡನೆ ಹೇಗೆ ಒಂದೇ ಊಸಿಯಾದವನೋ ಹಾಗೆಯೇ ಮನುಷ್ಯತ್ವದಲ್ಲಿ ನಮ್ಮೊಡನೆ ಒಂದೇ ಊಸಿಯಾದವನು ಎಂದಿತು. ನಾವು ಕೋಟ್ಯಂತರ ಮಂದಿ. ನಮ್ಮೊಡನೆ ಎಂದಾಗ ‘ಸಮಾನ’ ಎಂಬುದು ಹೊಂದುತ್ತದೆ, ‘ಏಕ’ ಹೊಂದುವುದಿಲ್ಲ. ತಂದೆಯೊಡನೆ ಎಂದಾಗ ‘ಏಕ’ ಬೇಕು. ಅದೇ ಸಭೆ ಕ್ರಿಸ್ತನಲ್ಲಿ ಎರಡು ಪ್ರಕೃತಿಗಳಿವೆ ಎಂದೂ ಹೇಳಿತು. ಅದಕ್ಕೂ ಕನ್ನಡದಲ್ಲಿ ‘ಸ್ವಭಾವ’ ಎಂದೇ ಹೇಳಿದರೆ ಒಂದೇ ಸ್ವಭಾವದವನಿಗೆ ಎರಡು ಸ್ವಭಾವ ಎಂಬ ವಾಕ್ಯವಾಗಿ ಕೇಳುವವರು ತಬ್ಬಿಬ್ಬಾಗುತ್ತಾರೆ.

ಅಂದು ತಬ್ಬಿಬ್ಬಾದವರು ಗ್ರೀಕರೂ ಸಿರಿಯನ್ನರೂ ಹೌದು. ಕ್ಯಾಲ್ಸಿಡಾನನ್ನು ಒಪ್ಪದೆ ಹೊರನಡೆದ ಪರಂಪರೆಗೆ ಸೇರಿದವರು ಗಡಿಯಾಚೆಯ ಆರ್ಥೊಡಾಕ್ಸ್ ಮತ್ತು ಯಾಕೋಬಾಯ ಸಿರಿಯನ್ನರು. 1984ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಮತ್ತು ಸಿರಿಯನ್ ಆರ್ಥೊಡಾಕ್ಸ್ ಪಿತೃಪ್ರಧಾನ ಇಗ್ನೇಷಿಯಸ್ ಜಕ್ಕಾ ಜಂಟಿ ಹೇಳಿಕೆಗೆ ಸಹಿ ಹಾಕಿದರು. 1990ರಲ್ಲಿ ಮಲಂಕರ ಆರ್ಥೊಡಾಕ್ಸ್ ಸಭೆಯೊಡನೆಯೂ ಕಥೋಲಿಕರ ಒಪ್ಪಂದವಾಯಿತು. ಕ್ರಿಸ್ತನು ಪೂರ್ಣ ದೇವರು, ಪೂರ್ಣ ಮನುಷ್ಯ ಎಂಬುದರಲ್ಲಿ ತಮ್ಮ ನಡುವೆ ಭೇದವಿಲ್ಲ, ಭೇದವಿದ್ದದ್ದು ಅದನ್ನು ಹೇಳುವ ಪದಗಳಲ್ಲಿ ಎಂಬುದು ಆ ಮಾತುಕತೆಗಳಿಂದ ಹೊರಬಂದ ತೀರ್ಮಾನ.